ಕಕ್ಕಡದ ಮಳೆಯಲ್ಲಿ ಉಕ್ತಲೇಖನ

ಕೊಡಗಿನಲ್ಲಿ ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಮಡಿಕೇರಿ ಕಡೆಯ ಶಾಲೆಗಳಲ್ಲಿ ಮಾರ್ಕಿನ ಉಕ್ತಲೇಖನ ಕೊಡಲೇಬಾರದು. ಎರಡನೇ ಕ್ಲಾಸಿಗೆ ಪಾಠ ಮಾಡುವ ನನ್ನ ಹಟ ಇದು. (ಡಿಸಿ ರಜೆ ಕೊಡದ ದಿನಗಳ ಮಾತು.) ಶೀಟಿನ ಮಾಡಿನ ಮೇಲೆ ಮಳೆ ಬಡಿಯುವಾಗ ನಾನು ‘ಬೇಲಿ’ ಅಂದರೆ ಒಬ್ಬ ‘ಬೇಳೆ’ ಬರೆಯುತ್ತಾನೆ, ಇನ್ನೊಬ್ಬಳು ‘ಬೇರೆ’. ಪಕ್ಕದ ಕೋಣೆಯ ಟೀಚರಿಗೆ ಮಾತ್ರ ಗೋಡೆಯಾಚೆಯಿಂದಲೂ ಸರಿಯಾಗಿ ಕೇಳಿಸಿರುತ್ತದೆ. “ನಿಮ್ಮ ಮಕ್ಕಳಿಗೆ ಗಮನವೇ ಇಲ್ಲ” ಅನ್ನುತ್ತಾರೆ.

ನಾವು ದೊಡ್ಡವರು ಪದ ಮುಗಿಯುವ ತನಕ ಕಾಯುವುದೇ ಇಲ್ಲ. ‘ಕಾ’ ಕಿವಿಗೆ ಬಿತ್ತೋ, ಕಾಡು, ಕಾಗೆ, ಕಾಫಿ, ಕಾವೇರಿ ಎಲ್ಲ ತಲೆಯೊಳಗೆ ಒಟ್ಟಿಗೆ ಎದ್ದು ನಿಲ್ಲುತ್ತವೆ. ಮುಂದಿನ ಸದ್ದು ಬರುತ್ತಿದ್ದಂತೆ ಬೇಡದವು ಕೂತುಬಿಡುತ್ತವೆ. ಮಾತು ತಲೆಗೆ ಹೇಗೆ ಇಳಿಯುತ್ತದೆಂದು ಸಂಶೋಧಿಸಿದ ವಿಲಿಯಂ ಮಾರ್ಸ್ಲೆನ್-ವಿಲ್ಸನ್ 1970ರ ದಶಕದಲ್ಲಿ ಮುಂದಿಟ್ಟ ವಿವರಣೆ ಹೆಚ್ಚುಕಡಿಮೆ ಇದೇ. 1980ರಲ್ಲಿ ಫ್ರಾಂಸ್ವಾ ಗ್ರೋಜಾನ್ ಪದದ ಆರಂಭವನ್ನಷ್ಟೇ ಕೇಳಿಸಿ, ಪ್ರತಿಸಲ ಚೂರು ಚೂರು ಉದ್ದ ಮಾಡುತ್ತಾ, ಜನ ಎಲ್ಲಿ ಗುರುತು ಹಿಡಿಯುತ್ತಾರೆಂದು ನೋಡಿದರು. ಇಂಥ ಪರೀಕ್ಷೆಗಳಲ್ಲಿ ಮಕ್ಕಳಿಗೆ ದೊಡ್ಡವರಿಗಿಂತ ಹೆಚ್ಚು ಸದ್ದು ಬೇಕಾಯಿತು. ಗದ್ದಲದಲ್ಲಂತೂ ಅವರು ಇನ್ನೂ ಹಿಂದೆ ಬೀಳುತ್ತಾರೆ.

ಪಕ್ಕದ ಕೋಣೆಯ ಟೀಚರ ಕಿವಿಯ ಗುಟ್ಟನ್ನು ಮನಶ್ಶಾಸ್ತ್ರಜ್ಞ ರಿಚರ್ಡ್ ವಾರೆನ್ 1970ರಲ್ಲೇ ಬಯಲು ಮಾಡಿದ್ದರು. ಧ್ವನಿಮುದ್ರಿತ ವಾಕ್ಯದಿಂದ ಒಂದು ಅಕ್ಷರದ ಸದ್ದು ಕತ್ತರಿಸಿ ಅಲ್ಲಿ ಕೆಮ್ಮು ಕೂರಿಸಿದರೆ, ಕೇಳಿದವರಿಗೆ ಪದ ಇಡಿಯಾಗಿಯೇ ಕೇಳಿಸಿತು. ಇಲ್ಲಿ ಕೆಮ್ಮಿನ ಜಾಗದಲ್ಲಿ ಮಳೆ, ಅಷ್ಟೆ. ಮೇಲಾಗಿ ಆ ಪಾಠ ಟೀಚರಿಗೆ ಬಾಯಿಪಾಠ!

ಹಾಗಂತ ಮಕ್ಕಳ ಕಿವಿ ಮಂದವಲ್ಲ. 1984ರಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ ತೋರಿಸಿದ ಪ್ರಕಾರ, ಇಂಗ್ಲಿಷ್ ಮನೆಯ ಆರೆಂಟು ತಿಂಗಳ ಕೂಸುಗಳು ಹಿಂದಿಯ ‘ತ’, ‘ಟ’ ವ್ಯತ್ಯಾಸ ಹಿಡಿಯುತ್ತವೆ. ವರ್ಷ ತುಂಬುವ ಹೊತ್ತಿಗೆ ಅದು ಬಹುಮಟ್ಟಿಗೆ ಹೋಗಿರುತ್ತದೆ. ಕಿವಿ ಮನೆಮಾತಿಗೆ ಹೊಂದಿಕೊಂಡಿರುತ್ತದೆ. ಇದನ್ನು ಓದಿದಾಗ ನನಗೆ ತೋಟದ ಕೆಲಸಗಾರರ ಲೈನ್‌ಮನೆಯಿಂದ ಬರುವ, ಅಸ್ಸಾಮಿ ಮಾತಾಡುವ ಮಕ್ಕಳು ನೆನಪಾದರು. ಅವರ ಮಾತಿನಲ್ಲಿ ‘ತ’, ‘ಟ’ ಬೇರೆಬೇರೆಯಾಗಿ ಕೇಳುವುದಿಲ್ಲ, ‘ಳ’ ಇಲ್ಲವೇ ಇಲ್ಲ. ಅದೇ ಬೆಂಚಿನಲ್ಲಿ ಮನೆಯಲ್ಲಿ ಕೊಡವ ತಕ್ಕ್ ಮಾತಾಡುವ ಹುಡುಗಿ, ಅರೆಭಾಷೆ ಮಾತಾಡುವ ಹುಡುಗ. ಕನ್ನಡ ಪದಗಳ ದಾಸ್ತಾನು ಒಬ್ಬೊಬ್ಬರಲ್ಲೂ ಒಂದೊಂದಳತೆ. ಗೊತ್ತೇ ಇಲ್ಲದ ಪದವನ್ನು ಅರ್ಧ ಕೇಳಿ ಪೂರ್ತಿ ಮಾಡಿಕೊಳ್ಳಿ ಅಂದರೆ ಹೇಗೆ?

ಅದಕ್ಕೇ ನಾನು ಪದವನ್ನು ಒಂಟಿಯಾಗಿ ಹೇಳುವುದಿಲ್ಲ. “ದನ ಬೇಲಿ ಮುರಿದು ಗದ್ದೆಗೆ ನುಗ್ಗಿತು” ಅಂದು, ಆಮೇಲೆ “ಬೇಲಿ” ಅನ್ನುತ್ತೇನೆ. ಬೋರ್ಡಿನ ಕಡೆ ತಿರುಗಿ ಹೇಳುವ ಅಭ್ಯಾಸ ಬಿಟ್ಟಿದ್ದೇನೆ. ಹಿಂದಿನ ಬೆಂಚಿನವರನ್ನು ಮುಂದೆ ಕರೆದು ನೆಲದ ಮೇಲೆ ಚಾಪೆ ಹಾಸಿ ಕೂರಿಸಿಕೊಳ್ಳುತ್ತೇನೆ. ಮಾರ್ಕು ಹಾಕುವ ಉಕ್ತಲೇಖನ ಏನಿದ್ದರೂ ದಸರಾ ರಜೆ ಮುಗಿದ ಮೇಲೆ.