ಇದೂ ಮನೆನೇ, ಸರ್

"ನಾವು ಮನೆ ನೋಡೋಕೆ ಬಂದಿದ್ದು, ಇದೆಲ್ಲ ಯಾಕೆ?" ನಮ್ಮ ಜೊತೆ ಹಳೇ ಮನೆಯೊಂದನ್ನು ನೋಡಲು ಬಂದಿದ್ದ ಒಬ್ಬ ಮನುಷ್ಯ ಹಾಗೆ ಕೇಳಿದ್ದು ಶನಿವಾರ. ಇನ್ನೂ ನನ್ನ ಕಿವಿಯಿಂದ ಹೋಗಿಲ್ಲ.

ಅದು ಅಮೆರಿಕದ ಸೌತ್ ಕ್ಯಾರೊಲಿನಾ ರಾಜ್ಯದ ಚಾರ್ಲ್ಸ್‌ಟನ್‌ನ ಮೀಟಿಂಗ್ ಸ್ಟ್ರೀಟಿನಲ್ಲಿ ವ್ಯಾಪಾರಿ ನಥಾನಿಯಲ್ ರಸೆಲ್ 1808ರಲ್ಲಿ ಕಟ್ಟಿ ಮುಗಿಸಿದ ಮನೆ. ಬಾಲ್ಕನಿಯ ಕಬ್ಬಿಣದಲ್ಲೇ ಅವನ ಹೆಸರಿನ ಮೊದಲ ಅಕ್ಷರಗಳಿವೆ. ಒಳಗಿನ ಮೆಟ್ಟಿಲಂತೂ ಮೂರು ಅಂತಸ್ತು ಸುತ್ತಿ ಸುತ್ತಿ ಏರುತ್ತದೆ, ಕೆಳಗೆ ಒಂದು ಕಂಬವೂ ಇಲ್ಲ. ಎಲ್ಲರೂ ತಲೆ ಎತ್ತಿ ನಿಂತುಬಿಟ್ಟರು. ನಾನೂ ನಿಂತೆ. ಚೆಂದ ಇದ್ದದ್ದನ್ನು ಚೆಂದ ಅನ್ನಲೇಬೇಕು.

ಆಮೇಲೆ ಗೈಡ್ ನಮ್ಮನ್ನು ಹಿಂದಿನ ಕಟ್ಟಡಕ್ಕೆ ಕರೆದುಕೊಂಡು ಹೋದರು. ಕೆಳಗೆ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ. ಮೇಲೆ ಗುಲಾಮರು ಮಲಗುತ್ತಿದ್ದ ಜಾಗ. ಅಲ್ಲಿನ ಗೋಡೆಯೊಳಗೆ ಇಲಿಗಳ ಹಳೇ ಗೂಡುಗಳು ಸಿಕ್ಕವಂತೆ. ಅದರಲ್ಲಿ ಗುಂಡಿ, ಪಿನ್ನುಗಳ ಜೊತೆ ಅಕ್ಷರ ಕಲಿಯುವ ಪುಸ್ತಕದ ಒಂದು ಹರಿದ ಚೂರು.

ಆಗಲೇ ಆ ಮನುಷ್ಯ ಹಾಗೆ ಕೇಳಿದ್ದು.

"ಇದೂ ಮನೆನೇ, ಸರ್" ಅಂದರು ಗೈಡ್, ದನಿ ಏರಿಸದೆ. ನಾನಾಗಿದ್ದರೆ ಜಗಳಕ್ಕೇ ನಿಲ್ಲುತ್ತಿದ್ದೆ. ಅವನೇನು ಕೆಟ್ಟವನಲ್ಲ. ಮುಂಚೆ ಒಬ್ಬ ಅಜ್ಜಿಗೆ ಬಾಗಿಲು ಹಿಡಿದು ನಿಂತಿದ್ದ. ಅವನಿಗೆ ಮೆಟ್ಟಿಲು ಸಾಕಿತ್ತು, ಅಷ್ಟೇ. ಆದರೆ ಆ ಮೆಟ್ಟಿಲಿಗೆ ದುಡ್ಡು ಎಲ್ಲಿಂದ ಬಂತು? ಗುಲಾಮರ ವ್ಯಾಪಾರದಲ್ಲೂ ರಸೆಲ್‌ನ ಕೈ ಇತ್ತು. 1804ರಿಂದ 1807ರವರೆಗೆ ಚಾರ್ಲ್ಸ್‌ಟನ್ ಬಂದರಿಗೆ ಸುಮಾರು 40 ಸಾವಿರ ಆಫ್ರಿಕನ್ನರನ್ನು ಹಡಗಿನಲ್ಲಿ ತಂದರು. 1808ರ ಜನವರಿಯಲ್ಲಿ ಹೊರಗಿಂದ ಗುಲಾಮರನ್ನು ತರುವುದು ದೇಶಕ್ಕೇ ನಿಷೇಧವಾಯಿತು. ಅದೇ ವರ್ಷ ಈ ಮನೆ ಸಿದ್ಧ.

ನನ್ನ ತಲೆಯಲ್ಲಿ ಮಾತ್ರ ಆ ಕಾಗದದ ಚೂರೇ ಕೂತಿದೆ. ಗುಲಾಮರಿಗೆ ಬರೆಯಲು ಕಲಿಸಿದರೆ ಸೌತ್ ಕ್ಯಾರೊಲಿನಾದಲ್ಲಿ 1740ರಿಂದಲೇ ದಂಡ ಇತ್ತು. 1834ರಲ್ಲಿ ಓದು ಕಲಿಸುವುದನ್ನೂ ನಿಷೇಧಿಸಿದರು. ಹಾಗಿದ್ದೂ ಈ ಗೋಡೆಗಳ ನಡುವೆ ಯಾರೋ ಅಕ್ಷರ ತಿದ್ದಿರಬೇಕು. ಸಿಕ್ಕಿಬಿದ್ದರೆ ಏನಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲವೇ? ನಮಗೆ ಸ್ಲೇಟು ಬಳಪ ಕೈಗಿಟ್ಟು, ಅಕ್ಕಿಯಲ್ಲಿ ಬೆರಳು ಹಿಡಿದು ಬರೆಸಿ, ಸಿಹಿ ಹಂಚಿದರು. ಅವರು ಕದ್ದು ಕಲಿತರು. ಆ ಧೈರ್ಯದ ಮುಂದೆ ಕಂಬವಿಲ್ಲದ ಮೆಟ್ಟಿಲು ನನಗೆ ದೊಡ್ಡದಾಗಿ ಕಾಣಲಿಲ್ಲ.

ಆ ಕಡೆ ಹೋಗುವವರಿದ್ದರೆ ಹಿಂದಿನ ಕಟ್ಟಡಕ್ಕೆ ಜಾಸ್ತಿ ಹೊತ್ತು ಇಟ್ಟುಕೊಳ್ಳಿ. ಹಡಗುಗಳು ಬಂದು ನಿಲ್ಲುತ್ತಿದ್ದ ಗ್ಯಾಡ್ಸ್‌ಡನ್ಸ್ ವಾರ್ಫ್ ಜಾಗದಲ್ಲಿ 2023ರಲ್ಲಿ ಆಫ್ರಿಕನ್ ಅಮೆರಿಕನ್ನರ ಮ್ಯೂಸಿಯಂ ತೆರೆದಿದೆ. ಸಾಧ್ಯವಾದರೆ ಅದನ್ನು ಮೊದಲು ನೋಡಿ, ಆಮೇಲೆ ರಸೆಲ್ ಮನೆಗೆ ಹೋಗಿ.