ವೆಲ್ಲೆಸ್ಲಿ ಸೇತುವೆ ಹತ್ರ ಅರ್ಧ ಗಂಟೆ

ಮೈಸೂರಿಗೆ ಹೊರಟವರು ಶ್ರೀರಂಗಪಟ್ಟಣದಲ್ಲಿ ಕಾರು ನಿಲ್ಲಿಸಿದ್ದು ಬರೀ ಸೌತೆಕಾಯಿಗೆ. ಉಪ್ಪು-ಖಾರ ಸವರಿಸಿಕೊಂಡು ಹೊಳೆ ಕಡೆ ನಡೆದರೆ ಹಳೇ ಕಲ್ಲುಸೇತುವೆ. ದಿವಾನ್ ಪೂರ್ಣಯ್ಯನವರ ಕಾಲದ್ದು, 1804ರಲ್ಲಿ ಮುಗಿದದ್ದು. ಕಟ್ಟಿಸಿದ್ದು ನಮ್ಮವರು, ಹೆಸರು ಮಾತ್ರ ವೆಲ್ಲೆಸ್ಲಿ ಅನ್ನೋ ಬ್ರಿಟಿಷ್ ಗವರ್ನರ್ ಜನರಲ್‌ದು!

ಕಮಾನು ಇರಬಹುದು ಅಂದುಕೊಂಡಿದ್ದೆ. ಇಲ್ಲ. ನೀರಿನಿಂದ ನೆಟ್ಟಗೆ ಎದ್ದ ಕಲ್ಲುಕಂಬಗಳ ಸಾಲು, ಅವುಗಳ ಮೇಲೆ ಅಡ್ಡ ತೊಲೆಗಳು, ಅವೂ ಕಲ್ಲೇ. ನಮ್ಮೂರ ದೇವಸ್ಥಾನದ ಮಂಟಪವನ್ನೇ ಉದ್ದಕ್ಕೆ ಎಳೆದು ಕಾವೇರಿಗೆ ಅಡ್ಡ ಇಟ್ಟ ಹಾಗೆ. ಕಂಬದ ಸಂದಿಯಲ್ಲಿ ಪ್ರವಾಹ ತಂದ ಕಸಕಡ್ಡಿ ಒಣಗಿ ನೇತಾಡುತ್ತಿತ್ತು.

ಅಮ್ಮ ಕೆಳಗಿಳಿದು ಕಾಲು ತೊಳೆದುಕೊಂಡರು, ತಲೆಗೆ ಮೂರು ಹನಿ ಪ್ರೋಕ್ಷಿಸಿಕೊಂಡರು. ನಾನು ಫೋಟೋ ತೆಗೆಯೋ ಗಡಿಬಿಡಿಯಲ್ಲಿ ಚಪ್ಪಲಿ ಒಂದನ್ನ ಹೊಳೆಗೆ ಬಿಟ್ಟೆ. ಮೈಸೂರಿನವರೆಗೂ ಬರಿಗಾಲಲ್ಲೇ ಡ್ರೈವಿಂಗು.