ಗಲಾಟೆ ಹುಡುಗಿ, ಪಕ್ಕದ ಹುಡುಗಿ

ಸ್ಕೂಲ್ ಸೈಕಾಲಜಿಸ್ಟ್ ಅಂದ್ರೆ ಏನ್ ಮಾಡ್ತೀರಿ ಅಂತ ಯಾರಾದ್ರೂ ಕೇಳಿದ್ರೆ ನಾನು ಈಗೀಗ ಈ ಇಬ್ರು ಹುಡುಗೀರ ವಿಷ್ಯಾನೇ ಹೇಳ್ಬಿಡ್ತೀನಿ, ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಾಯಿಸಿ. ಯಾಕಂದ್ರೆ ಬಹಳ ಜನ ಅನ್ಕೊಂಡಿರೋದು ತುಂಟ ಮಕ್ಕಳನ್ನ ನನ್ನ ರೂಮಿಗೆ ಕಳಿಸ್ತಾರೆ, ನಾನು ಕೂರಿಸಿ ಬುದ್ಧಿ ಹೇಳಿ ವಾಪಸ್ ಕಳಿಸ್ತೀನಿ ಅಂತ. ಮಕ್ಕಳ ಜೊತೆ ಕೂತು ಮಾತಾಡೋದು ಇದೆ, ಇಲ್ಲ ಅಂತಲ್ಲ, ಆದ್ರೆ ಕೆಲಸ ಶುರುವಾಗೋದು ಸಾಮಾನ್ಯವಾಗಿ ಕ್ಲಾಸಿನ ಕೊನೇ ಬೆಂಚಲ್ಲಿ ಸುಮ್ನೆ ಕೂತು ನೋಡೋದ್ರಿಂದ.

ನಾಲ್ಕನೇ ಕ್ಲಾಸಿನ ಟೀಚರ್ ಒಂದು ರೆಫರಲ್ ಫಾರ್ಮ್ ತಂದ್ಕೊಟ್ರು. "ಈ ಹುಡುಗಿ ಬಾಯಿ ಮುಚ್ಚಲ್ಲ ಮೇಡಂ, ಪಾಠ ಮಾಡೋಕೇ ಬಿಡಲ್ಲ, ಎಡಿಎಚ್‌ಡಿ ಇರ್ಬೇಕು, ಒಂದ್ಸಲ ನೋಡಿ." ಪಾಪ ಅವ್ರು ನಿಜವಾಗ್ಲೂ ಸೋತು ಹೋಗಿದ್ರು, ಅಷ್ಟು ಮಕ್ಕಳನ್ನ ಒಬ್ರೇ ಸಂಭಾಳಿಸೋರಿಗೆ ಬರೋ ಸುಸ್ತು ಅದು. ಆದ್ರೆ ಎಡಿಎಚ್‌ಡಿ ಅನ್ನೋದನ್ನ, ಅಂದ್ರೆ ಗಮನ ನಿಲ್ಲದಿರೋ, ಸುಮ್ನೆ ಕೂರೋಕಾಗದಿರೋ ತೊಂದ್ರೇನ, ಒಂದು ಕ್ಲಾಸಲ್ಲಿ ಕಂಡಿದ್ದಷ್ಟರಿಂದ ಹೇಳೋಕಾಗಲ್ಲ, ಲಕ್ಷಣಗಳು ಆರು ತಿಂಗಳಾದ್ರೂ ಇದ್ದಿರ್ಬೇಕು, 12 ವರ್ಷದ ಒಳಗೇ ಶುರುವಾಗಿರ್ಬೇಕು, ಮನೇಲೂ ಸ್ಕೂಲಲ್ಲೂ ಎರಡೂ ಕಡೆ ಕಾಣ್ಬೇಕು. ಮನೆಯವ್ರನ್ನ ಕೇಳಿದ್ರೆ ಅವ್ರಿಗೆ ಆಶ್ಚರ್ಯ, ಹಾಗೇನೂ ಇಲ್ವಲ್ಲ, ಗಂಟೆಗಟ್ಲೆ ಒಂದೇ ಕಡೆ ಕೂತು ಓದ್ತಾಳೆ ಅಂದ್ರು, ಆದ್ರೆ ಭಯ ಅಂತೂ ಬಿದ್ದಿದ್ರು. ಅವ್ರ ಒಪ್ಪಿಗೆ ತಗೊಂಡು ಕ್ಲಾಸಿಗೆ ಹೋದೆ.

ಅಬ್ಸರ್ವೇಶನ್ ಮಾಡೋ ರೀತಿ ಹೀಗಿರುತ್ತೆ: 15 ಸೆಕೆಂಡಿಗೊಂದು ಸಲ ಆ ಮಗು ಏನ್ ಮಾಡ್ತಿದೆ ಅಂತ ಗುರುತು ಹಾಕ್ತಾ ಹೋಗೋದು, ಕೆಲಸ ಮಾಡ್ತಿದ್ಯಾ, ಮಾತಾಡ್ತಿದ್ಯಾ, ಎಲ್ಲೋ ನೋಡ್ತಿದ್ಯಾ ಅಂತ, ಮತ್ತೆ ಪ್ರತಿ ಐದನೇ ಸಲ ಅದೇ ಕ್ಲಾಸಿನ ಬೇರೊಂದು ಮಗುನ ನೋಡೋದು. ಈ ಹೋಲಿಕೆ ಇಲ್ದಿದ್ರೆ ಆ ಹಾಳೆಗೆ ಅರ್ಥಾನೇ ಇಲ್ಲ, ಯಾಕಂದ್ರೆ ಇಡೀ ಕ್ಲಾಸೇ ಗಲಾಟೆ ಮಾಡ್ತಿದ್ರೆ ಒಬ್ಬಳ ಮೇಲೆ ತಪ್ಪು ಹೊರಿಸೋದು ಹೇಗೆ? ಹೋಲಿಕೆಗೆ ಯಾರನ್ನ ಇಟ್ಕೊಳ್ಳಲಿ ಅಂತ ಟೀಚರನ್ನ ಕೇಳ್ದೆ. "ಅವಳ ಪಕ್ಕದಲ್ಲಿ ಕೂರ್ತಾಳಲ್ಲ, ಅವಳೇ ಸರಿ ಮೇಡಂ, ಕ್ಲಾಸಲ್ಲಿ ಇದಾಳೋ ಇಲ್ವೋ ಅನ್ನೋದೇ ಗೊತ್ತಾಗಲ್ಲ" ಅಂದ್ರು.

ಗುರುತು ಹಾಕ್ತಾ ಹಾಕ್ತಾ ಒಂದು ವಿಷ್ಯ ಎದ್ದು ಕಾಣ್ತು. ಬಾಯಿಲೆಕ್ಕದ ಹೊತ್ತಲ್ಲಿ ಈ ಹುಡುಗಿ ಮಾತೇ ಆಡ್ಲಿಲ್ಲ, ಚಿತ್ರ ಬಿಡಿಸೋವಾಗ್ಲೂ ಇಲ್ಲ, ಬೋರ್ಡ್ ಮೇಲೆ ಏನಾದ್ರೂ ಬರೆದ ತಕ್ಷಣ, ಪುಸ್ತಕ ತೆಗೀರಿ ಅಂದ ತಕ್ಷಣ ಶುರು. ಮಗು ಏನ್ ಮಾಡ್ತು ಅನ್ನೋದಕ್ಕಿಂತ ಅದಕ್ಕೆ ಮುಂಚೆ ಏನಾಯ್ತು, ಆಮೇಲೆ ಏನಾಯ್ತು ಅಂತ ನೋಡೋದು ನಮ್ಮ ಕೆಲಸದ ಮೊದಲನೇ ಪಾಠ. ನಾನು ಮೆಲ್ಲಗೆ ಜಾಗ ಬದಲಾಯಿಸಿ ಅವ್ರ ಹಿಂದಿನ ಬೆಂಚಿಗೆ ಬಂದೆ, ಆಗ ಕೇಳಿಸ್ತು, ಅವಳು ಹರಟೆ ಹೊಡೀತಿರ್ಲಿಲ್ಲ, ಬೋರ್ಡ್ ಮೇಲಿದ್ದಿದ್ದನ್ನ ಒಂದೊಂದೇ ಸಾಲು ಓದಿ ಪಕ್ಕದವಳಿಗೆ ಹೇಳ್ತಿದ್ಲು. ಪಕ್ಕದವಳು ಬೋರ್ಡ್ ಕಡೆ ನೋಡ್ತಾನೇ ಇರ್ಲಿಲ್ಲ, ಗೆಳತಿ ಬಾಯಿಂದ ಕೇಳ್ಕೊಂಡು ಅವಳ ನೋಟ್‌ಬುಕ್ ನೋಡಿ ಬರ್ಕೊತಿದ್ಲು. ನಂಗೆ ಎದೆ ಝಲ್ ಅಂತು. ಫಾರ್ಮ್ ಬಂದಿದ್ದು ಒಬ್ಬಳ ಮೇಲೆ, ತೊಂದ್ರೆ ಇದ್ದಿದ್ದು ಇನ್ನೊಬ್ಬಳಿಗೆ!

ಹಾಗಂತ ಅವಳನ್ನ ಅವತ್ತೇ ಕರ್ಕೊಂಡು ಹೋಗಿ ಟೆಸ್ಟ್ ಮಾಡೋ ಹಾಗಿಲ್ಲ, ಅಪ್ಪ ಅಮ್ಮನ ಒಪ್ಪಿಗೆ ಇಲ್ದೆ ಮುಟ್ಟೋ ಹಾಗೇ ಇಲ್ಲ. ಟೀಚರ್ ಜೊತೆ ಕೂತು ಅವಳ ನೋಟ್‌ಬುಕ್ ನೋಡ್ದೆ. ನೋಡಿ ಬರ್ದಿದ್ದೆಲ್ಲ ಮುತ್ತು ಪೋಣಿಸಿದ ಹಾಗಿದೆ, ತಾನೇ ಬರೀಬೇಕಾದ ಕಡೆ ಅರ್ಧ ಸಾಲು, ಅದ್ರಲ್ಲೂ ಅಕ್ಷರಗಳೇ ಬಿಟ್ಟು ಹೋಗಿವೆ. ಅವರಮ್ಮ ಬಂದ್ರು, "ಮನೇಲಿ ಪಾಠ ಎಲ್ಲಾ ಒಪ್ಪಿಸ್ತಾಳಲ್ಲ ಮೇಡಂ" ಅಂದ್ರು. ಒಪ್ಪಿಸ್ತಿದ್ಲು, ನಿಜ, ಅಕ್ಕ ಓದಿ ಹೇಳಿದ್ದನ್ನ ಕೇಳಿ ಪೂರ್ತಿ ಬಾಯಿಪಾಠ ಮಾಡಿ! ಎಷ್ಟು ಕಷ್ಟಪಟ್ಟಿರ್ಬೇಕು ಆ ಮಗು, ಯಾರಿಗೂ ಗೊತ್ತಾಗದ ಹಾಗೆ.

ಟೆಸ್ಟಿಗಿಂತ ಮುಂಚೆ ಕಣ್ಣು, ಕಿವಿ ಚೆಕ್ ಮಾಡಿಸಿ ಅಂತ ಕಳಿಸ್ದೆ. ಇದನ್ನ ನಾನು ಯಾವತ್ತೂ ಬಿಡಲ್ಲ. 1896ರಲ್ಲಿ ಲೈಟ್ನರ್ ವಿಟ್ಮರ್ ಅನ್ನೋರು ಪೆನ್ಸಿಲ್ವೇನಿಯಾ ಯೂನಿವರ್ಸಿಟೀಲಿ ಮೊದಲ ಸೈಕಾಲಜಿ ಕ್ಲಿನಿಕ್ ತೆರೆದಾಗ ಅವ್ರ ಹತ್ರ ಬಂದ ಮೊದಲ ಕೇಸೇ ಸ್ಪೆಲ್ಲಿಂಗ್ ಬಾರದ ಹುಡುಗ, ಟೀಚರೇ ಕರ್ಕೊಂಡು ಬಂದಿದ್ದು, ನೋಡಿದ್ರೆ ಅವನಿಗೆ ಕಣ್ಣಿನ ತೊಂದ್ರೆ ಇತ್ತು. ಇವಳಿಗೆ ಕಣ್ಣು ಕಿವಿ ಎರಡೂ ಚೆನ್ನಾಗಿದ್ವು.

ಟೆಸ್ಟಿಗೆ ಬಂದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ಇಲ್ಲಿ ಹೇಳಿದ್ದನ್ನ ನೀವು ಎಲ್ರಿಗೂ ಹೇಳ್ತೀರಾ ಮಿಸ್?" ಮಕ್ಕಳಿಗೆ ಸುಳ್ಳು ಹೇಳ್ಬಾರ್ದು. ಯಾರಾದ್ರೂ ನಿಂಗೆ ನೋವು ಮಾಡ್ತಿದ್ರೆ, ನಿಂಗೇ ನೀನು ಏನಾದ್ರೂ ಮಾಡ್ಕೋಬೇಕು ಅನ್ಸಿದ್ರೆ, ಬೇರೆಯವ್ರಿಗೆ ಅಪಾಯ ಆಗೋ ಹಾಗಿದ್ರೆ ಹೇಳ್ಲೇಬೇಕು, ಟೆಸ್ಟಲ್ಲಿ ಗೊತ್ತಾಗಿದ್ದನ್ನ ಅಪ್ಪ ಅಮ್ಮನಿಗೆ ಹೇಳ್ತೀನಿ, ಟೀಚರಿಗೆ ಬೇಕಾದಷ್ಟು ಮಾತ್ರ, ಮಿಕ್ಕಿದ್ದು ನನ್ನ ಹತ್ರಾನೇ ಇರುತ್ತೆ ಅಂದೆ. ಯೋಚ್ನೆ ಮಾಡಿ ಸರಿ ಅಂದ್ಲು. ಬುದ್ಧಿಶಕ್ತಿ ಪರೀಕ್ಷೆಯ ತರ್ಕದ ಭಾಗದಲ್ಲಿ ಸರಾಸರಿ 100 ಇರೋ ಕಡೆ ಅದಕ್ಕಿಂತ ಬಹಳ ಮೇಲೆ ಹೋದ್ಲು. ಅರ್ಥವೇ ಇಲ್ಲದ ಪದಗಳನ್ನ ಓದು ಅಂತ ಕೊಟ್ಟಾಗ ನಿಂತ್ಬಿಟ್ಲು, ಅಲ್ಲಿ ಬಾಯಿಪಾಠ ನಡೆಯಲ್ಲ, ಅಕ್ಷರಕ್ಕೂ ಸದ್ದಿಗೂ ಗಂಟು ಹಾಕ್ಲೇಬೇಕು. ಪದದಿಂದ ಒಂದು ಸದ್ದು ತೆಗೆದು ಉಳಿದಿದ್ದು ಹೇಳು ಅಂದ್ರೂ ಅದೇ ಕಷ್ಟ. ಡಿಸ್ಲೆಕ್ಸಿಯಾ, ಅಂದ್ರೆ ಓದೋದು ಬರೆಯೋದ್ರಲ್ಲೇ ಇರೋ ತೊಂದ್ರೆ, ಅಂತ ತೀರ್ಮಾನ ಮಾಡಿದ್ದು ಇದೆಲ್ಲಾ ಒಟ್ಟಿಗೆ ಇಟ್ಟು ನೋಡಿದ್ಮೇಲೆ, ಒಂದೇ ನಂಬರ್ ಹಿಡ್ಕೊಂಡು ಅಲ್ಲ. ಬುದ್ಧಿಶಕ್ತಿ ಪರೀಕ್ಷೆ ಶುರು ಮಾಡಿದ ಆಲ್ಫ್ರೆಡ್ ಬಿನೆ 1905ರಲ್ಲಿ ಅದನ್ನ ಮಾಡಿದ್ದು ಸಹಾಯ ಬೇಕಾದ ಮಕ್ಕಳನ್ನ ಹುಡುಕೋಕೆ, ಹಣೆಪಟ್ಟಿ ಹಚ್ಚೋಕಲ್ಲ.

ಅಪ್ಪ ಅಮ್ಮನ ಜೊತೆ ಮಾತಾಡಿದ ದಿನಾನೇ ಅವಳನ್ನೂ ಕೂರಿಸ್ಕೊಂಡು ನಿಂಗೆ ಯಾವುದು ಸುಲಭ, ಯಾವುದು ಕಷ್ಟ, ಯಾಕೆ ಕಷ್ಟ ಅಂತ ಹೇಳ್ದೆ. ದೊಡ್ಡವ್ರು ರಿಪೋರ್ಟ್ ಓದ್ಕೊಂಡು ಮಗುಗೆ ಒಂದು ಮಾತೂ ಹೇಳ್ದೆ ಇರೋದು ನಂಗೆ ಸಹಿಸೋಕಾಗಲ್ಲ, ಅದು ಆ ಮಗುವಿನದೇ ವಿಷ್ಯ ತಾನೇ! ಆಮೇಲೆ ಟೀಚರ್ ಜೊತೆ ಕೂತು ಪ್ಲ್ಯಾನ್ ಮಾಡಿದ್ವಿ, ಸದ್ದು ಅಕ್ಷರ ಜೋಡಿಸಿ ಕಲಿಸೋ ಕ್ಲಾಸ್ ವಾರದಲ್ಲಿ ಕೆಲವು ದಿನ, ಪರೀಕ್ಷೇಲಿ ಜಾಸ್ತಿ ಸಮಯ, ಪ್ರಶ್ನೆ ಓದಿ ಹೇಳೋದು, ಎಲ್ರ ಮುಂದೆ ಇದ್ದಕ್ಕಿದ್ದ ಹಾಗೆ ಎಬ್ಬಿಸಿ ಓದ್ಸೋದು ಬೇಡ.

ಇನ್ನು ಮೊದಲನೇ ಹುಡುಗಿ. ಅವಳ ಅಪ್ಪ ಅಮ್ಮ ಕಾಯ್ತಾ ಇದ್ದಾರೆ, ಏನೂ ತೊಂದ್ರೆ ಇಲ್ಲ ಅಂದ್ರೆ ಮತ್ಯಾಕೆ ಅಷ್ಟು ಮಾತಾಡ್ತಿದ್ಲು ಅಂತ ಕೇಳೇ ಕೇಳ್ತಾರೆ, ಅದಕ್ಕೆ ಉತ್ತರ ಇನ್ನೊಂದು ಮಗುವಿನ ಗುಟ್ಟು, ನಾನಾಗೇ ಹೇಳೋ ಹಾಗಿಲ್ಲ. ಈ ಥರದ ಇಕ್ಕಟ್ಟು ನಮ್ಮ ಕೆಲಸದಲ್ಲಿ ಬರ್ತಾನೇ ಇರುತ್ತೆ. ನಾನು ಪಕ್ಕದ ಹುಡುಗೀನೂ ಅವರಮ್ಮನ್ನೂ ಕೇಳ್ದೆ, ಅವಳು ಪಕ್ಕದವಳಿಗೆ ಬೋರ್ಡ್ ಓದಿ ಹೇಳ್ತಿದ್ಲು ಅನ್ನೋದಷ್ಟನ್ನ ಮಾತ್ರ ಅವಳ ಅಪ್ಪ ಅಮ್ಮನಿಗೆ ಹೇಳ್ಬಹುದಾ ಅಂತ. ಅಮ್ಮ ಒಪ್ಪಿದ್ರು. ಹುಡುಗಿ, "ಹೇಳಿ ಮಿಸ್, ಅವಳಿಗೆ ಬೈಬೇಡಿ ಅಂತಾನೂ ಹೇಳಿ" ಅಂದ್ಲು. ಅವತ್ತು ಸಾಯಂಕಾಲಾನೇ ಫೋನ್ ಮಾಡಿ ಎರಡೂ ಹೇಳ್ದೆ.